ಬೋಳು ಗುಡ್ಡದ ಹಳೇ ಫೋಟೋ ಯಾರ ಪರ ಸಾಕ್ಷಿ?

ಪಶ್ಚಿಮ ಘಟ್ಟ ಸುದ್ದಿಗೆ ಬಂದಾಗಲೆಲ್ಲ ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಕಪ್ಪು-ಬಿಳುಪಿನ ಹಳೇ ಗುಡ್ಡಗಳು ಎದ್ದು ಕೂರುತ್ತವೆ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿಯಿತು. ಮರುದಿನದ ದಿನಾಂಕ ಹೊತ್ತು ಪರಿಸರ ಸೂಕ್ಷ್ಮ ಪ್ರದೇಶದ ಆರನೇ ಕರಡು ಅಧಿಸೂಚನೆ ಬಂತು. ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್ ಅದರ ವ್ಯಾಪ್ತಿಗೆ. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿ ನಮಗೆ ಬೇಡ ಅಂತ ತೀರ್ಮಾನಿಸಿತು. ವಾದ ಮಾತ್ರ ಅಲ್ಲಿಗೆ ಮುಗಿಯಲಿಲ್ಲ, ಮೊಬೈಲ್‌ಗಳಲ್ಲಿ ನಡೀತಾನೇ ಇದೆ. ಆ ವಾದದಲ್ಲಿ ಸಾಕ್ಷಿಯಾಗಿ ಬರುವುದೇ ಈ ಫೋಟೋಗಳು: ಸಾಲು ಗುಡ್ಡ, ಮರ ಕಾಣದ ನೆತ್ತಿ, ಬಿಳೀ ಆಕಾಶ, ಮುಂದೆ ಒಂದು ಬಂಡೆ, ಬಂಡೆಯ ಪಕ್ಕ ಟೋಪಿ ಹಾಕಿದ ಒಬ್ಬ ದೊರೆ.

ಇಂಥ ಫೋಟೋಗೆ ಸಾಮಾನ್ಯವಾಗಿ ಎರಡು ಬಗೆಯ ಅಡಿಬರಹ. ಒಂದು: 'ನೋಡ್ರಪ್ಪ, ಬ್ರಿಟಿಷರ ಕಾಲದಲ್ಲೇ ಗುಡ್ಡ ಬೋಳು. ಕಾಡಿತ್ತು ಅನ್ನೋದೆಲ್ಲ ಕಟ್ಟುಕತೆ. ಈಗಿರೋ ಹಸಿರು ನಾವು ಬೆಳೆಸಿದ್ದು, ನಮ್ಮ ಮೇಲ್ಯಾಕೆ ಕಾನೂನು?' ಇನ್ನೊಂದು: 'ನೋಡಿ, ಬಿಳಿಯರು ಕಾಡು ಕಡಿದು ಗುಡ್ಡ ಬೋಳಿಸಿಬಿಟ್ಟರು. ಇನ್ನಾದರೂ ಗಿಡ ನೆಡೋಣ.' ಇಬ್ಬರೂ ಬದ್ಧ ವಿರೋಧಿಗಳು. ಆದರೆ ಇಬ್ಬರೂ ಒಪ್ಪಿಕೊಂಡ ಒಂದು ಮಾತಿದೆ: ಗುಡ್ಡದ ಮೇಲೆ ಮರ ಇಲ್ಲ ಅಂದ್ರೆ ಅಲ್ಲಿ ಏನೂ ಇಲ್ಲ. ತಪ್ಪು ಇರುವುದು ಅಲ್ಲೇ. ಕಡೂರಿನ ಕೃಷ್ಣಮೃಗಕ್ಕೆ, ಅಜ್ಜಂಪುರದ ಅಮೃತ ಮಹಲ್ ರಾಸಿಗೆ, ಚಂದ್ರದ್ರೋಣ ಪರ್ವತದ ನೆತ್ತಿಯಲ್ಲಿ ಹುಟ್ಟುವ ಹಳ್ಳಕ್ಕೆ ಈ ತಪ್ಪಿನ ಬೆಲೆ ಸಣ್ಣದಲ್ಲ.

ಮೊದಲು ಫೋಟೋ ಎಲ್ಲಿಯದು ಅನ್ನೋದನ್ನೇ ಕೇಳೋಣ. 'ಕಡೂರು' ಅಂತ ಹಳೇ ಬರಹದಲ್ಲಿ ಇದ್ದ ಮಾತ್ರಕ್ಕೆ ಅದು ನಮ್ಮ ಕಡೂರು ಆಗಬೇಕಿಲ್ಲ. 1863ರಲ್ಲಿ ಆದ ಕಡೂರು ಜಿಲ್ಲೆಯೇ 1947ರಲ್ಲಿ ಹೆಸರು ಬದಲಿಸಿಕೊಂಡು ಚಿಕ್ಕಮಗಳೂರು ಜಿಲ್ಲೆ ಆದದ್ದು. ಆವರೆಗೆ ಕೊಪ್ಪ, ಶೃಂಗೇರಿ, ಮೂಡಿಗೆರೆ ಎಲ್ಲವೂ 'ಕಡೂರು'. ಹಾಗಾಗಿ ದಟ್ಟ ಕಾಡಿನ ಒಂದು ಹಳೇ ಚಿತ್ರದ ಕೆಳಗೆ ಕಡೂರು ಡಿಸ್ಟ್ರಿಕ್ಟ್ ಅಂತ ಇದ್ದರೆ, 'ಅಯ್ಯೋ, ನಮ್ಮ ಬಯಲುಸೀಮೆ ಒಂದು ಕಾಲಕ್ಕೆ ಹಿಂಗಿತ್ತಾ' ಅಂತ ನಿಟ್ಟುಸಿರು ಬಿಡುವ ಮೊದಲು ಸ್ವಲ್ಪ ತಡೆಯಬೇಕು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ, ಬರಪೀಡಿತ ಪಟ್ಟಿಗೆ ಪದೇ ಪದೇ ಸೇರುವ ಕಡೂರು ತಾಲೂಕಿನಲ್ಲಿ ಶೃಂಗೇರಿಯ ಕಾಡು ಯಾವ ಕಾಲಕ್ಕೂ ಇರಲು ಸಾಧ್ಯವಿರಲಿಲ್ಲ.

ಇನ್ನು ನೀಲಗಿರಿಯ ಫೋಟೋ ತಂದು ಬಾಬಾಬುಡನ್‌ಗಿರಿ ಅನ್ನುವುದು ಬೇರೆಯೇ ಖಾಯಿಲೆ. ಊಟಿಯಲ್ಲಿ 1870ರ ದಶಕದಿಂದ ಸ್ಟುಡಿಯೋ ನಡೆಸಿದ ಎ.ಟಿ.ಡಬ್ಲ್ಯೂ. ಪೆನ್‌ನಂಥವರು ನೀಲಗಿರಿಯ ಉರುಟು ಹುಲ್ಲುಗುಡ್ಡಗಳನ್ನು ಸಾಕಷ್ಟು ತೆಗೆದಿದ್ದಾರೆ. ಹುಲ್ಲುಗುಡ್ಡಗಳೆಲ್ಲ ನೋಡೋಕೆ ಅಣ್ಣತಮ್ಮಂದಿರೇ. ಗುರುತು ಹಿಡಿಯಲು ಒಂದು ದಾರಿ ಇದೆ. ಮರ ಬರುತ್ತೆ, ಹೋಗುತ್ತೆ, ರಸ್ತೆ ಆಗುತ್ತೆ, ಆದರೆ ಗುಡ್ಡದ ನೆತ್ತಿಯ ಗೆರೆ ನೂರೈವತ್ತು ವರ್ಷದಲ್ಲಿ ಹೆಚ್ಚು ಬದಲಾಗಲ್ಲ, ಗಣಿ ಬಿದ್ದ ಜಾಗ ಬಿಟ್ಟು. ಫೋಟೋದ ಗೆರೆಯನ್ನು ಲಿಂಗದಹಳ್ಳಿ ಕಡೆಯಿಂದ ಕಾಣುವ ಗೆರೆಗೋ, ಸಖರಾಯಪಟ್ಟಣದ ಅಯ್ಯನಕೆರೆ ಏರಿ ಮೇಲಿಂದ ಕಾಣುವ ಗೆರೆಗೋ ಹೋಲಿಸಿ ನೋಡಿದರೆ ಅರ್ಧಕ್ಕರ್ಧ ಸುಳ್ಳು ಅಲ್ಲೇ ಉದುರುತ್ತದೆ.

ನಿಂತ ಜಾಗವೂ ಮುಖ್ಯ. ಚಂದ್ರದ್ರೋಣ ಪರ್ವತ ಲಾಳದ ಆಕಾರದ್ದು. ಒಳಗೆ ಜಾಗರ ಕಣಿವೆ, ಅಲ್ಲಿ ಮಳೆ, ಕಾಡು, ಕಾಫಿ. ಹೊರಗೆ, ಕಡೂರು-ತರೀಕೆರೆಯ ಬಯಲಿಗೆ ಮುಖ ಮಾಡಿದ ಬೆನ್ನು ಒಣ ಮೈಯದ್ದು. ಒಂದೇ ಗುಡ್ಡವನ್ನು ಒಂದೇ ದಿನ ಎರಡು ಕಡೆಯಿಂದ ತೆಗೆದರೆ ಎರಡು ದೇಶದ ಫೋಟೋ ಅನ್ನಿಸಬಹುದು. ಬೆಂಗಳೂರು-ಹರಿಹರ ರೈಲು ದಾರಿ 1889ರಲ್ಲಿ ಕಡೂರು, ಬೀರೂರು, ಅಜ್ಜಂಪುರದ ಮೇಲೆ ಹಾದುಹೋದ ಮೇಲೆ ಹೊರಗಿನವರಿಗೆ ಸುಲಭವಾಗಿ ಕಾಣಿಸಿದ್ದು ಈ ಒಣ ಬೆನ್ನೇ.

ಅವರು ಯಾಕೆ ಗುಡ್ಡ ತೆಗೆದರು?

ಮೈಸೂರು ಸೀಮೆಗೆ ಕ್ಯಾಮೆರಾ ಬಂದದ್ದು ಕಮಿಷನರ್ ಆಳ್ವಿಕೆಯಲ್ಲಿ. 1830-31ರ ನಗರ ದಂಗೆ, ಅದರಲ್ಲಿ ತರೀಕೆರೆ ಪಾಳೆಗಾರರ ಪಾಲು, ಆಮೇಲೆ 1831ರಲ್ಲಿ ಬ್ರಿಟಿಷರು ಆಡಳಿತ ಕಸಿದುಕೊಂಡದ್ದು ನಮ್ಮ ಕಡೆ ಗೊತ್ತಿರುವ ಕತೆಯೇ. 1881ರವರೆಗೆ ಅವರದೇ ದರ್ಬಾರು. ಆ ಅವಧಿಯಲ್ಲಿ ಬಂದ ಫೋಟೋಗ್ರಾಫರುಗಳಿಗೆ ಮೊದಲು ಬೇಕಾದದ್ದು ಗುಡ್ಡ ಅಲ್ಲ, ಗುಡಿ. ಲಿನಿಯಸ್ ಟ್ರೈಪ್ 1854ರ ಕೊನೆಯಲ್ಲಿ ಹಳೇಬೀಡು, ಬೇಲೂರಿನಲ್ಲಿ ಕ್ಯಾಮೆರಾ ಇಟ್ಟ. ರಿಚರ್ಡ್ ಓಕ್ಲಿ ಹಳೇಬೀಡಿನ ಗುಡಿಯ ಫೋಟೋಗಳದ್ದೇ ಪುಸ್ತಕವನ್ನು 1859ರಲ್ಲಿ ತಂದ. ಪಿಗೂ, ನೀಲ್, ಬಿಗ್ಸ್ ತೆಗೆದ ಧಾರವಾಡ-ಮೈಸೂರಿನ ವಾಸ್ತುಶಿಲ್ಪದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು.

ಗುಡ್ಡವನ್ನು ನೋಡುವ ಅವರ ಕಣ್ಣು ತಯಾರಾದದ್ದು ಇನ್ನೂ ಹಿಂದೆ, ಕ್ಯಾಮೆರಾ ಹುಟ್ಟುವ ಮೊದಲೇ. ಟಿಪ್ಪು ಮೇಲಿನ ಮೂರನೇ ಯುದ್ಧ ಮುಗಿದ ಬೆನ್ನಿಗೆ ಕೋಲ್‌ಬ್ರೂಕ್ 1793ರಲ್ಲಿ, ರಾಬರ್ಟ್ ಹೋಮ್ 1794ರಲ್ಲಿ ಮೈಸೂರಿನ ದೃಶ್ಯಗಳ ಚಿತ್ರ ಅಚ್ಚು ಹಾಕಿಸಿದರು. ಅಲ್ಲಿನ ಬೆಟ್ಟಗಳು ಸುಮ್ಮನೆ ಬೆಟ್ಟಗಳಲ್ಲ. ನಂದಿದುರ್ಗ, ಸಾವನದುರ್ಗದಂಥ, ತಾವು ಏರಿ ಗೆದ್ದ ಜಾಗಗಳು. ದೂರದಿಂದ, ಎತ್ತರದಿಂದ, ಇಡೀ ಸೀಮೆಯನ್ನು ಒಂದೇ ಚೌಕಟ್ಟಿಗೆ ಹಿಡಿಯುವ ನೋಟ ಅದು. ಭೂಮಾಪನದವರು ತ್ರಿಕೋನ ಕಟ್ಟಲು ಹತ್ತಿದ ನೆತ್ತಿ, ಚಿತ್ರಗಾರ ಹತ್ತಿದ ನೆತ್ತಿ, ಆಮೇಲೆ ಫೋಟೋಗ್ರಾಫರ್ ಹತ್ತಿದ ನೆತ್ತಿ ಬಹಳ ಸಲ ಒಂದೇ.

ಬೆಟ್ಟದ ಫೋಟೋಗ್ರಫಿಯ ದೊಡ್ಡ ಹೆಸರು ಸ್ಯಾಮುಯೆಲ್ ಬೋರ್ನ್. 1863ರಿಂದ 1870ರವರೆಗೆ ಇಂಡಿಯಾದಲ್ಲಿದ್ದ, 1866ರಲ್ಲಿ ಹಿಮಾಲಯದ ಮಣಿರಂಗ್ ಕಣಿವೆಯಲ್ಲಿ 18,600 ಅಡಿ ಎತ್ತರದಲ್ಲಿ ಫೋಟೋ ತೆಗೆದ. ಕೊಲೋಡಿಯನ್ ಪದ್ಧತಿಯಲ್ಲಿ ಗಾಜಿನ ಪ್ಲೇಟಿಗೆ ರಾಸಾಯನಿಕ ಬಳಿದು, ಅದು ಒದ್ದೆ ಇರುವಾಗಲೇ ಫೋಟೋ ತೆಗೆದು, ಅಲ್ಲೇ ಕತ್ತಲೆ ಡೇರೆಯೊಳಗೆ ತೊಳೆಯಬೇಕು. ಗಾಜು, ಬಾಟಲಿ, ಡೇರೆ, ಪೆಟ್ಟಿಗೆ ಎಲ್ಲ ಹೊರಬೇಕಾದದ್ದು ಕೂಲಿಗಳು. ಅವನ ಮೊದಲ ಹಿಮಾಲಯ ಪ್ರವಾಸಕ್ಕೇ ಮೂವತ್ತರಷ್ಟು ಜನ ಹೊತ್ತರು. ಕೂಲಿಗಳು ಬಿಟ್ಟು ಹೋದಾಗ ಅವರ ಮೇಲೆ ಕೈ ಮಾಡಿದ್ದನ್ನೂ ಅವನೇ ಇಂಗ್ಲೆಂಡಿನ ಪತ್ರಿಕೆಗೆ ಬರೆದ ಲೇಖನಗಳಲ್ಲಿ ಹೇಳಿಕೊಂಡಿದ್ದಾನೆ. ಫೋಟೋ ನೋಡಿದರೆ ಏನು ಕಾಣುತ್ತೆ? ನಿರ್ಜನ ಶಿಖರ. ಮೂವತ್ತು ಜನ ನಿಂತ ಜಾಗದಿಂದ ತೆಗೆದ, ಒಬ್ಬರೂ ಇಲ್ಲದ ಚಿತ್ರ. ಇನ್ನೊಂದು ತಮಾಷೆ: ಹಿಮಾಲಯ ತನ್ನ ನಾಡಿನ ಬೆಟ್ಟಗಳಷ್ಟು ಸುಲಭವಾಗಿ ಚಿತ್ರಕ್ಕೆ ಒಗ್ಗುವುದಿಲ್ಲ ಅನ್ನೋದು ಬೋರ್ನ್‌ನ ಗೊಣಗಾಟ. ಬೆಟ್ಟ ಚಿತ್ರದ ಅಳತೆಗೆ ಬರಬೇಕಿತ್ತೇ ಹೊರತು ಚಿತ್ರ ಬೆಟ್ಟದ ಅಳತೆಗಲ್ಲ.

ಕೆಮ್ಮಣ್ಣು ಕಪ್ಪಾಗುವ ಬಗೆ

ಈಗ ವಾಟ್ಸಾಪ್ ವಾದಿಗಳು ಮರೆಯುವ ಸಂಗತಿಗೆ ಬರೋಣ. ಕೊಲೋಡಿಯನ್ ಪ್ಲೇಟಿಗೂ, ಆಮೇಲೆ 1880ರ ದಶಕದಲ್ಲಿ ಬಂದ ಮೊದಲ ಒಣ ಪ್ಲೇಟುಗಳಿಗೂ ನಮ್ಮ ಕಣ್ಣಿಗೆ ಕಾಣುವಂತೆ ಬಣ್ಣ ಕಾಣುತ್ತಿರಲಿಲ್ಲ. ಅವು ನೀಲಿಗೆ ಮಾತ್ರ ಚುರುಕು. ಕೆಂಪು, ಹಳದಿ ಅವಕ್ಕೆ ಕತ್ತಲೆ, ಹಸಿರೂ ಹೆಚ್ಚುಕಮ್ಮಿ ಹಾಗೇ. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಲೇಟು ಮಾರುಕಟ್ಟೆಗೆ ಬಂದದ್ದು 1906ರ ಸುಮಾರಿಗೆ.

ಇದನ್ನು ನಮ್ಮ ಗುಡ್ಡದ ಮೇಲೆ ಇಟ್ಟು ನೋಡಿ. ನೀಲಿ ಆಕಾಶ ಪೂರ್ತಿ ಬಿಳಿ. ಮೋಡವೂ ಬಿಳಿ, ಆದ್ದರಿಂದ ಮೋಡ ಮಾಯ. ಹೀಗಾಗಿ ಕೆಲವರು ಬೇರೆ ನೆಗೆಟಿವ್‌ನಿಂದ ಮೋಡ ತಂದು ಸೇರಿಸುತ್ತಿದ್ದರು. ಫೋಟೋಶಾಪ್ ಹೊಸದೇನಲ್ಲ. ಹತ್ತಿರದ ಮರ ಮಸಿಯಂತೆ ಕಪ್ಪು. ಸಂಕ್ರಾಂತಿ ಕಳೆದು ಹೊಂಬಣ್ಣಕ್ಕೆ ತಿರುಗಿದ ಹುಲ್ಲು ಕೂಡ ಕಂದಿ ಕಪ್ಪಾಗುತ್ತದೆ, ಸುಟ್ಟ ಗುಡ್ಡದ ಹಾಗೆ. ಕೆಮ್ಮಣ್ಣುಗುಂಡಿಯ ಕೆಂಪು ಮಣ್ಣು? ಅದೂ ಕಪ್ಪು. ಹೆಸರಿಗೇ ಕಾರಣವಾದ ಬಣ್ಣ ಫೋಟೋದಲ್ಲಿ ಮೊದಲು ಸಾಯುತ್ತದೆ. ದೂರದ ಗುಡ್ಡಗಳ ಮೇಲಿನ ನೀಲಿ ಮಬ್ಬನ್ನು ಪ್ಲೇಟು ದುಪ್ಪಟ್ಟು ಮಾಡಿ ಹಿಡಿಯುವುದರಿಂದ ಹಿಂದಿನ ಸಾಲುಗಳು ತೆಳ್ಳಗೆ, ಖಾಲಿ ಖಾಲಿ, ಬೋಳು ಬೋಳಾಗಿ ಕಾಣುತ್ತವೆ. ಅಲ್ಲಿ ಶೋಲಾ ಕಾಡಿದ್ದರೂ ಪ್ಲೇಟಿಗೆ ಅದು ಹೊಗೆ.

ಋತುವಿನದ್ದೂ ಒಂದು ಪಾತ್ರ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಸಾಮಾನು ಹೊತ್ತು ಈ ಗುಡ್ಡ ಹತ್ತುವುದು ಸಾಧ್ಯವಿರಲಿಲ್ಲ. ಇಂಥ ಫೋಟೋಗಳಲ್ಲಿ ಹೆಚ್ಚಿನವು ಬೇಸಿಗೆಯವು, ಇಲ್ಲವೇ ಚಳಿಗಾಲದ ಕೊನೆಯವು. ಹುಲ್ಲು ಒಣಗಿದ, ಎಲೆ ಉದುರಿದ ಕಾಲ. ಅದನ್ನು ನಾವು ಈಗ ಆಗಸ್ಟ್ ತಿಂಗಳ ರೀಲ್ಸ್ ಜೊತೆ ಪಕ್ಕ ಪಕ್ಕ ಇಟ್ಟು 'ಆಗ-ಈಗ' ಅನ್ನುತ್ತೇವೆ.

ಇದರ ಮೇಲೆ ಈಗ ಹೊಸ ಕಾಟ, ಬಣ್ಣ ತುಂಬುವ ಆಪ್‌ಗಳದ್ದು. ಹಳೇ ಫೋಟೋ ಕೊಟ್ಟರೆ ಕಂಪ್ಯೂಟರ್ ಬಣ್ಣ ಹಾಕಿ ಕೊಡುತ್ತೆ. ಅದಕ್ಕೆ ಗುಡ್ಡ ಅಂದ್ರೆ ಹಸಿರು ಅಂತ ಅಂದಾಜು. ಫೆಬ್ರುವರಿಯ ಹುಲ್ಲಿಗೂ ಹಸಿರು, ಕಬ್ಬಿಣದ ಮಣ್ಣಿಗೂ ಹಸಿರು ಬಳಿದುಬಿಡಬಹುದು. ಪ್ಲೇಟು ಕಳೆದುಕೊಂಡ ಮಾಹಿತಿಯನ್ನು ಆಪ್ ಹಿಂತಿರುಗಿ ತರಲ್ಲ, ತನ್ನ ಊಹೆ ಬಳಿಯುತ್ತೆ, ಅಷ್ಟೇ. ಅಂಥ ಚಿತ್ರ ಹಿಡಿದು 'ನೂರು ವರ್ಷದ ಹಿಂದೆ ಎಷ್ಟು ಹಚ್ಚಗಿತ್ತು ನೋಡಿ' ಅನ್ನುವವರಿಗೆ ಏನು ಹೇಳುವುದು.

ಹಾಗಂತ ಬೋಳು ಕಂಡದ್ದೆಲ್ಲ ಕಣ್ಕಟ್ಟು ಅಂತಲೂ ಅಲ್ಲ. ಕಾಫಿ ತೋಟದ ದೊರೆಗಳು 19ನೇ ಶತಮಾನದಲ್ಲಿ ಕಾಡು ಕಡಿದದ್ದು ನಿಜ. ನೆರಳೂ ಉಳಿಸದೆ ಕಡಿದವರಿಗೆ 1860ರ ದಶಕದಲ್ಲಿ ಬೋರರ್ ಹುಳು ಪಾಠ ಕಲಿಸಿತು, ಆಮೇಲೆ ಮತ್ತೆ ನೆರಳಿನ ಮರದ ಮಾತು ಬಂತು. ತೋಟದ ಫೋಟೋದಲ್ಲಿ ಕಡಿದ ಗುಡ್ಡ ಗುರುತಿಸುವುದು ಕಷ್ಟವಲ್ಲ: ಬೊಡ್ಡೆಗಳು ಕಾಣುತ್ತವೆ, ಕಾಡಿನ ಅಂಚು ಹಗ್ಗ ಹಿಡಿದಂತೆ ನೇರ ಇರುತ್ತದೆ. ಸಹಜ ಶೋಲಾದ ಅಂಚು ಹಾಗಿರಲ್ಲ. ಅದು ಗುಡ್ಡದ ಮಡಿಕೆಯೊಳಗೆ, ನೀರಿನ ಜಾಡು ಹಿಡಿದು, ಅಂಕುಡೊಂಕಾಗಿ ಕೂತಿರುತ್ತದೆ, ಸುತ್ತ ಹುಲ್ಲು. ಈ ವ್ಯತ್ಯಾಸ ನೋಡಲು ವಿಜ್ಞಾನಿಯೇ ಆಗಬೇಕಿಲ್ಲ.

ಹುಲ್ಲಿಗೆ ವಕೀಲರಿಲ್ಲ

ಗುಡ್ಡದ ನೆತ್ತಿಯ ಹುಲ್ಲು ಕಾಡು ಕಡಿದ ಮೇಲೆ ಬಂದದ್ದಲ್ಲ. ನೀಲಗಿರಿಯ ಜೌಗು ಮಣ್ಣಿನಲ್ಲಿ ಹೂತ ಇಂಗಾಲ ಪರೀಕ್ಷಿಸಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲೇ ತೋರಿಸಿದ್ದಾರೆ: 20 ಸಾವಿರ ವರ್ಷದ ಹಿಂದೆಯೇ ಅಲ್ಲಿ ಹುಲ್ಲುಗಾವಲಿತ್ತು, ಹವಾಮಾನ ಬದಲಾದಂತೆ ಹುಲ್ಲು-ಕಾಡು ಹಿಂದೆ ಮುಂದೆ ಸರಿದಿವೆ. ಕೊಡಗೂ ಚಿಕ್ಕಮಗಳೂರೂ ಅದೇ ಘಟ್ಟದ ಸಾಲು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸುತ್ತ ನೆತ್ತಿಯಲ್ಲಿ ಹುಲ್ಲು, ಮಡಿಕೆಯಲ್ಲಿ ಶೋಲಾ ಇರುವುದು ಗುಡ್ಡದ ಸಹಜ ಮೈಕಟ್ಟು. 2022ರಲ್ಲಿ ಕುರಿಂಜಿ ಹೂ ನೋಡಲು ಜನ ಮುಗಿಬಿದ್ದದ್ದೂ ಇದೇ 'ಬೋಳು' ಗುಡ್ಡಕ್ಕೆ.

'ಬೋಳು ಇದೆ, ಗಿಡ ನೆಡೋಣ' ಅನ್ನುವ ಸದ್ಭಾವನೆ ಏನು ಮಾಡುತ್ತೆ ಅನ್ನೋದಕ್ಕೆ ತಮಿಳುನಾಡಿನ ಪಳನಿ ಬೆಟ್ಟ ಇದೆ. ಕೊಡೈಕೆನಾಲ್ ಸುತ್ತ ಉಪಗ್ರಹ ಚಿತ್ರಗಳನ್ನು ಹೋಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಾಲ್ಕು ದಶಕದಲ್ಲಿ ಮೂರನೇ ಎರಡರಷ್ಟು ಹುಲ್ಲುಗಾವಲು ಹೋಯಿತು. ಆ ಜಾಗಕ್ಕೆ ಬಂದದ್ದು ಅಕೇಶಿಯಾ, ಪೈನ್, ನೀಲಗಿರಿ ತೋಪು, ಜೊತೆಗೆ ಬೇಸಾಯ. ಫೋಟೋದಲ್ಲಿ ಮಾತ್ರ ಈಗ ಬಹಳ ಚೆನ್ನಾಗಿ ಕಾಣುತ್ತೆ, ಹಚ್ಚಗೆ.

ಗುಡ್ಡ ಇಳಿದು ಬಯಲಿಗೆ ಬಂದರೆ ಇದೇ ಕತೆ ಕಾವಲುಗಳದ್ದು. ಅಮೃತ ಮಹಲ್ ರಾಸುಗಳು ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಬಂದವು. ಹೈದರ್ ಬೆಳೆಸಿದ, ಟಿಪ್ಪು ಈ ಹೆಸರಿಟ್ಟ, ಫಿರಂಗಿ ಎಳೆಯುವ ಎತ್ತಿಗಾಗಿ ಬ್ರಿಟಿಷರು ತಮ್ಮದು ಮಾಡಿಕೊಂಡರು. 1860ರಲ್ಲಿ ಖರ್ಚು ಉಳಿಸೋಕೆ ಇಡೀ ಇಲಾಖೆಯನ್ನೇ ಮುಚ್ಚಿ, ಎತ್ತು ಸಿಗದೆ ಒದ್ದಾಡಿ, ಕೆಲವೇ ವರ್ಷದಲ್ಲಿ ಮತ್ತೆ ಕಟ್ಟಿದರು. ರಾಸುಗಳಿಗೆ ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಅಂತ ಬೇರೆ ಬೇರೆ ಕಾವಲುಗಳಿದ್ದವು. ಅಂದರೆ ಆ ಹುಲ್ಲಿಗೆ ಒಂದು ಲೆಕ್ಕ, ಒಂದು ಆಡಳಿತ, ಕಾಯುವ ಜನ ಎಲ್ಲ ಇತ್ತು. ಅಜ್ಜಂಪುರದಲ್ಲಿ ಇವತ್ತಿಗೂ ತಳಿ ಸಂವರ್ಧನಾ ಕೇಂದ್ರ ಇದೆ. ಕಡೂರು ತಾಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಅಂತ ಘೋಷಿಸಲಾಯಿತು. ಏಳು ಚದರ ಕಿಲೋಮೀಟರ್ ಚಿಲ್ಲರೆ ಜಾಗ, ಕೃಷ್ಣಮೃಗದ ಆಸರೆ.

ಆ ಬಯಲಿನ ಒಂದು ಫೋಟೋ ತೆಗೆದು ಯಾರಿಗಾದರೂ ತೋರಿಸಿ: ಏನೂ ಇಲ್ಲ ಅಂತಾರೆ. ಕಂದಾಯ ದಾಖಲೆಯಲ್ಲಿ ಬ್ರಿಟಿಷರು ಬಿಟ್ಟುಹೋದ 'ವೇಸ್ಟ್' ಅನ್ನುವ ಪದ ನಮ್ಮಲ್ಲಿ 'ಬಂಜರು' ಆಗಿ ಕೂತಿದೆ. ಸ್ವತಂತ್ರ ಭಾರತದ ಬಂಜರು ಭೂಮಿ ನಕಾಶೆಗಳೂ ಕುರುಚಲು ಬಯಲನ್ನು ಅದೇ ಪಟ್ಟಿಗೆ ಹಾಕುತ್ತವೆ. ಬಂಜರು ಅಂತಾದ ಮೇಲೆ ಅಲ್ಲಿಗೆ ಏನು ಬೇಕಾದರೂ ಬರಬಹುದು. ಚಳ್ಳಕೆರೆಯ ಕಾವಲುಗಳಿಗೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಕ್ಯಾಂಪಸ್ ಬಂದಾಗ ಆದ ಜಗಳ ಅಜ್ಜಂಪುರದವರಿಗೆ ದೂರದ್ದೇನಲ್ಲ. ಇನ್ನೊಂದು ಕಡೆ, 2022ರಲ್ಲಿ ರಾಜ್ಯ ಸರ್ಕಾರ ಪರಿಭಾವಿತ ಅರಣ್ಯವನ್ನು 9.94 ಲಕ್ಷ ಹೆಕ್ಟೇರಿನಿಂದ 3.30 ಲಕ್ಷಕ್ಕೆ ಇಳಿಸಿತು. ಅದರಲ್ಲಿ ಬಗರ್‌ಹುಕುಂ ರೈತರ ನ್ಯಾಯವಾದ ಬೇಡಿಕೆಯೂ ಇತ್ತು, ಬೇರೆಯವರ ಕಣ್ಣೂ ಇತ್ತು. ಯಾವ ಜಮೀನು ಹಿಂದೆ ಏನಾಗಿತ್ತು ಅನ್ನುವ ಪ್ರಶ್ನೆಗೆ ಇಷ್ಟು ಬೆಲೆ ಇರುವಾಗ ಹಳೇ ಫೋಟೋ ಸುಮ್ಮನೆ ನೆನಪಿನ ವಸ್ತು ಆಗಿ ಉಳಿಯಲ್ಲ. ಅದು ಕಡತದೊಳಗೆ ಬರುತ್ತೆ. ಸರಿಯಾಗಿ ಓದದಿದ್ದರೆ ತಪ್ಪು ಸಾಕ್ಷಿ ಹೇಳುತ್ತೆ.

ಚೌಕಟ್ಟಿನ ಹೊರಗೆ ನಿಂತವರು

ಇಂಗ್ಲಿಷ್ ಬರಹದಲ್ಲಿ ಇಡೀ ಸಾಲಿಗೆ 'ಬಾಬಾಬುಡನ್ ಹಿಲ್ಸ್' ಅಂತ ಒಂದೇ ಹೆಸರು. ನಮ್ಮವರ ಬಾಯಲ್ಲಿ ಅದು ಚಂದ್ರದ್ರೋಣ, ತರೀಕೆರೆ ಕಡೆಯವರಿಗೆ ಕಲ್ಲತ್ತಿಗಿರಿ, ವೀರಭದ್ರನ ಗುಡ್ಡ, ಮೇಲೆ ಹೋದರೆ ಕೆಮ್ಮಣ್ಣುಗುಂಡಿ, ಇನಾಂ ದತ್ತಾತ್ರೇಯ ಪೀಠ. ನಕಾಶೆಗೆ ಒಂದು ಹೆಸರು ಸಾಕು, ಬದುಕುವವರಿಗೆ ಹತ್ತು ಹೆಸರು ಬೇಕು. ದರ್ಗಾ-ಪೀಠದ ಜಗಳದಲ್ಲಿ ಎರಡೂ ಕಡೆಯವರು ಹಳೇ ಫೋಟೋ ಹಿಡಿದು ಓಡಾಡುವುದೂ ಉಂಟು. ಆ ವ್ಯಾಜ್ಯ ನ್ಯಾಯಾಲಯಗಳಲ್ಲಿದೆ. ಒಂದು ಚೌಕಟ್ಟಿನಲ್ಲಿ ಯಾವ ಬಾವುಟ ಇದೆ ಅಂತ ನೋಡಿ ಶತಮಾನಗಳ ನಡೆ-ನುಡಿ ತೀರ್ಮಾನ ಮಾಡುವುದು, ಒಂದು ಬೇಸಿಗೆಯ ಫೋಟೋ ನೋಡಿ ಕಾಡಿನ ಚರಿತ್ರೆ ಹೇಳಿದಷ್ಟೇ ಸರಿ.

ಆ ಫೋಟೋಗಳಲ್ಲಿ ಮನುಷ್ಯರು ಬಂದರೆ ಅಳತೆಗೋಲಾಗಿ ಬರುತ್ತಾರೆ. ಬಂಡೆ ಎಷ್ಟು ದೊಡ್ಡದು ಅಂತ ತೋರಿಸಲು ಒಬ್ಬನನ್ನು ಪಕ್ಕ ನಿಲ್ಲಿಸುವುದು. ಅವನಿಗೆ ಹೆಸರಿಲ್ಲ. ಅಲ್ಲಾಡಿದವರು ಪ್ಲೇಟಿನಲ್ಲಿ ಕರಗಿಹೋಗುತ್ತಿದ್ದರು. ದನ ಮೇಯಿಸುವ ಕಾಡುಗೊಲ್ಲರು, ಹೇರೆತ್ತಿನ ಮೇಲೆ ಉಪ್ಪು-ಧಾನ್ಯ ಸಾಗಿಸಿದ ಲಂಬಾಣಿಗಳು, ತೋಟಕ್ಕೆ ಕೂಲಿಗೆ ಹತ್ತಿಳಿದವರು, ಇವರೆಲ್ಲ ಅಲ್ಲಾಡುವ ಜನ. ಸೆಕೆಂಡುಗಟ್ಟಲೆ ತೆರೆದಿರುವ ಲೆನ್ಸಿಗೆ ಬೇಕಾದದ್ದು ಅಲ್ಲಾಡದ್ದು.

ಆದರೆ ಇದನ್ನೆಲ್ಲ ಬಿಳಿಯರ ಕಣ್ಣು ಅಂತ ಹೇಳಿ ಕೈ ತೊಳೆದುಕೊಳ್ಳುವುದು ಸುಲಭದ ದಾರಿ. 1881ರ ನಂತರ ಮೈಸೂರು ಮತ್ತೆ ಒಡೆಯರದ್ದು. ಅದೇ ಗುಡ್ಡವನ್ನು ಮೈಸೂರು ಸರ್ಕಾರ ಕಬ್ಬಿಣವಾಗಿ ನೋಡಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಗುಡ್ಡದಿಂದ ತಣಿಗೆಬೈಲಿಗೆ ತಂತಿ ಮೇಲಿನ ತೊಟ್ಟಿಲಲ್ಲಿ ಇಳಿದು, ಅಲ್ಲಿಂದ ಟ್ರಾಮ್ ಹಳಿ ಮೇಲೆ. 1942ರಲ್ಲಿ ಗಿರಿಧಾಮ ತೋಟಗಾರಿಕೆ ಇಲಾಖೆಗೆ ಹೋಯಿತು. ಈಗ ಅಲ್ಲಿ ಗುಲಾಬಿ ತೋಟದ ಮುಂದೆ ಸೆಲ್ಫಿ ತೆಗೆಯುವವರು ತಮ್ಮ ಕಾಲಡಿಯ ಸೀಮೆ ಗಣಿ ಬಿದ್ದದ್ದು ಅಂತ ನೆನೆಯುವುದು ಅಪರೂಪ. ನೆತ್ತಿಯ ಗೆರೆ ಬದಲಾಗಲ್ಲ ಅಂತ ಮೇಲೆ ಹೇಳಿದ ಮಾತಿಗೆ ಅಪವಾದ ಬೇಕಿದ್ದರೆ ಇಲ್ಲೇ ಇದೆ.

ಭದ್ರಾ ಅಭಯಾರಣ್ಯದ ಕತೆ ಇನ್ನೂ ಹತ್ತಿರದ್ದು. 1951ರಲ್ಲಿ ಜಾಗರ ಕಣಿವೆ ಅಭಯಾರಣ್ಯ, 1974ರಲ್ಲಿ ವಿಸ್ತರಣೆ, 1998ರಲ್ಲಿ ಹುಲಿ ಯೋಜನೆ. 2001-02ರ ಸುಮಾರಿಗೆ ಒಳಗಿನ ಹಳ್ಳಿಗಳ ನೂರಾರು ಕುಟುಂಬಗಳು ಹೊರಗೆ ಬಂದವು. ಬಹಳಷ್ಟು ಮಂದಿ ತರೀಕೆರೆ ತಾಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆ ನಿಂತರು. ದೇಶದಲ್ಲಿ ಚೆನ್ನಾಗಿ ನಡೆದ ಪುನರ್ವಸತಿ ಅಂತ ಇದಕ್ಕೆ ಹೆಸರಿದೆ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಇವತ್ತು ಸಫಾರಿ ಜೀಪಿನಿಂದ ತೆಗೆದ ಫೋಟೋಗೆ 'ಮನುಷ್ಯರ ಸುಳಿವಿಲ್ಲದ ಕಾಡು' ಅಂತ ಬರೆಯುವವರ ಹಿಂದೆ, ಗದ್ದೆ ಬಯಲು ಹುಲ್ಲಾದ ಜಾಗವೇ ಇರಬಹುದು. ಬೋರ್ನ್ ಕೂಲಿಗಳನ್ನು ಚೌಕಟ್ಟಿನ ಹೊರಗೆ ನಿಲ್ಲಿಸಿದ. ನಾವು ಪಕ್ಕದ ಜೀಪುಗಳನ್ನು ಕ್ರಾಪ್ ಮಾಡುತ್ತೇವೆ. ಮುಳ್ಳಯ್ಯನಗಿರಿ ಸಾಲಿಗೆ ಹೋಗಲು 2025ರ ಸೆಪ್ಟೆಂಬರ್‌ನಿಂದ ಆನ್‌ಲೈನ್ ನೋಂದಣಿ ಕಡ್ಡಾಯ ಮಾಡಬೇಕಾಯಿತು, ಅಷ್ಟು ವಾಹನ. ಇನ್‌ಸ್ಟಾಗ್ರಾಮಿನಲ್ಲಿ ಮಾತ್ರ ಆ ಗುಡ್ಡದ ಮೇಲೆ ಸದಾ ಒಬ್ಬರೇ ನಿಂತಿರುತ್ತಾರೆ, ಬೆನ್ನು ತಿರುಗಿಸಿಕೊಂಡು. ಈ ವಿಷಯದಲ್ಲಿ ಪೂರ್ಣಚಂದ್ರ ತೇಜಸ್ವಿ ಬೇರೆ ದಾರಿ ಹಿಡಿದವರು ಅನ್ನಿಸುತ್ತೆ. ಮೂಡಿಗೆರೆಯಲ್ಲಿ ಕೂತು ಲೆನ್ಸನ್ನು ಹಕ್ಕಿಯ ಕಡೆ ತಿರುಗಿಸಿದರು. ದೂರದ ವೈಭವಕ್ಕಿಂತ ಹತ್ತಿರದ ಜೀವ.

ಹಾಗಾದರೆ ಈ ಹಳೇ ಫೋಟೋಗಳನ್ನು ಎಸೆಯಬೇಕೇ? ಖಂಡಿತ ಬೇಡ. ಸರಿಯಾಗಿ ಬಳಸಿದರೆ ಅವಕ್ಕೆ ಸಮನಾದ ದಾಖಲೆ ಇಲ್ಲ. ಜಾರ್ಜ್ ಮ್ಯಾಲರಿ 1921ರಲ್ಲಿ ಎವರೆಸ್ಟ್ ಬುಡದ ರೊಂಗ್‌ಬುಕ್ ಹಿಮನದಿಯ ಫೋಟೋ ತೆಗೆದಿದ್ದ. ಡೇವಿಡ್ ಬ್ರೀಶಿಯರ್ಸ್ 2007ರಲ್ಲಿ ಅದೇ ಜಾಗದಲ್ಲಿ ನಿಂತು ತೆಗೆದ. ಹಿಮ ಎಷ್ಟು ಕರಗಿದೆ ಅಂತ ಜಗತ್ತಿಗೆ ಅರ್ಥವಾಗಲು ಆ ಎರಡು ಚಿತ್ರ ಸಾಕಾದವು. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದವರು ಮೌಂಟನ್ ಲೆಗಸಿ ಅನ್ನುವ ಯೋಜನೆಯಲ್ಲಿ, 19ನೇ ಶತಮಾನದ ಕೊನೆಯಿಂದ ಭೂಮಾಪಕರು ತೆಗೆದ ಲಕ್ಷಕ್ಕೂ ಮಿಕ್ಕ ಗಾಜಿನ ನೆಗೆಟಿವ್‌ಗಳನ್ನು ಹಿಡಿದು ಅದೇ ನೆತ್ತಿಗಳಿಗೆ ಹತ್ತಿ ಸಾವಿರಾರು ಚಿತ್ರ ಮರಳಿ ತೆಗೆದಿದ್ದಾರೆ. ಅಲ್ಲಿ ಬಹಳ ಕಡೆ ಕಂಡದ್ದು ಕಾಡು ಕಮ್ಮಿಯಾದದ್ದಲ್ಲ, ಹೆಚ್ಚಾದದ್ದು. ಹಿಂದಿನ ತೆರೆದ ಬಯಲುಗಳ ಹಿಂದೆ ಮೂಲನಿವಾಸಿಗಳು ಕಾಲಕಾಲಕ್ಕೆ ಹುಲ್ಲಿಗೆ ಬೆಂಕಿ ಹಚ್ಚುತ್ತಿದ್ದ ಪದ್ಧತಿಯೂ ಇತ್ತು. ಅವರನ್ನು ಹೊರಗಟ್ಟಿ ಬೆಂಕಿ ನಿಲ್ಲಿಸಿದ ಮೇಲೆ ಮರ ಮುಚ್ಚಿಕೊಂಡಿತು, ಈಗ ಹೊತ್ತಿಕೊಂಡರೆ ಆರಿಸುವುದೇ ಕಷ್ಟ. ನಮ್ಮ ಹುಲ್ಲುಗುಡ್ಡಗಳ ವಿಚಾರದಲ್ಲೂ ದನ, ಬೆಂಕಿ, ಮಳೆ ಇವುಗಳ ಪಾಲು ಎಷ್ಟೆಷ್ಟು ಅಂತ ಬಲ್ಲವರನ್ನು ಕೂರಿಸಿ ಕೇಳಬೇಕಾದದ್ದಿದೆ. ದನ ಮೇಯಿಸಿದ ಹಿರಿಯರು ಇನ್ನೂ ಇದ್ದಾರೆ.

ಇದಕ್ಕೆ ಹೊಸ ಇಲಾಖೆ ಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಎಷ್ಟೋ ಕಡೆ ಅದು ಗಿಡ-ಪ್ರಾಣಿಗಳ ಪಟ್ಟಿ ನಕಲು ಮಾಡಿ ಬೀರುವಿಗೆ ಇಟ್ಟ ಫೈಲು. ಅದಕ್ಕೆ ಫೋಟೋ ಸೇರಿಸಬಹುದು. ಬ್ರಿಟಿಷ್ ಲೈಬ್ರರಿಯ ಸಂಗ್ರಹದ್ದು ಮಾತ್ರ ಅಲ್ಲ. ಬೀರೂರು, ಕಡೂರು, ತರೀಕೆರೆಯ ಹಳೇ ಸ್ಟುಡಿಯೋಗಳ ನೆಗೆಟಿವ್, ಶಾಲಾ ಪ್ರವಾಸದ ಗುಂಪು ಫೋಟೋ, ಮದುವೆಯಾದ ಹೊಸತರಲ್ಲಿ ಕೆಮ್ಮಣ್ಣುಗುಂಡಿಗೆ ಹೋದವರ ಆಲ್ಬಮ್, ಲಕ್ಕವಳ್ಳಿ ಅಣೆಕಟ್ಟು ಕಟ್ಟುವಾಗಿನ ಚಿತ್ರ, ಇವೆಲ್ಲವುಗಳ ಹಿಂದೆ ಗುಡ್ಡ ನಿಂತಿದೆ. ಮುಂದೆ ನಿಂತವರು ಯಾರು ಅಂತ ಹೇಳುವವರೂ ಬದುಕಿದ್ದಾರೆ. ಸಾಹೇಬರ ಫೋಟೋಗಿಂತ ಇವುಗಳ ಬೆಲೆ ಹೆಚ್ಚು. ಯಾಕಂದ್ರೆ ದಿನಾಂಕ, ಋತು, ಜಾಗ ಎಲ್ಲ ಕೇಳಿ ತಿಳಿಯಬಹುದು. ಪಿಯು ಕಾಲೇಜಿನ ಭೂಗೋಳದ ಮಕ್ಕಳು, ಒಬ್ಬ ಆಸಕ್ತ ಮೇಷ್ಟ್ರು, ಜಿಪಿಎಸ್ ಇರುವ ಒಂದು ಮೊಬೈಲ್, ಇಷ್ಟಿದ್ದರೆ ಕೆಲಸ ಶುರು ಮಾಡಬಹುದು.

ಪರಿಸರ ಸೂಕ್ಷ್ಮ ಪ್ರದೇಶದ ಕರಡು ಮುಂದಿನ ಸಲ ಬಂದಾಗ ಸರ್ಕಾರ ಉಪಗ್ರಹ ಚಿತ್ರ ತರುತ್ತೆ. ಅದೂ ಮೇಲಿನಿಂದ ನೋಡುವ ನೋಟವೇ. ಅಡಿಕೆ ತೋಟ, ಕಾಫಿ, ಕಾಡು ಎಲ್ಲ ಅದಕ್ಕೆ ಹಸಿರು ಅಂತ ರೈತರು ಹೇಳುವ ತಕರಾರಿನಲ್ಲಿ ಹುರುಳಿದೆ. ಕಾಫಿ ನೆರಳಿಗೆ ಆಸ್ಟ್ರೇಲಿಯಾದಿಂದ ತಂದ ಸಿಲ್ವರ್ ಓಕ್ ಕೂಡ ಅಲ್ಲಿ ಕಾಡೇ. ಅದಕ್ಕೆ ಎದುರಾಗಿ ಬರೀ 'ನಮ್ಮಲ್ಲಿ ಕಾಡೇ ಇರಲಿಲ್ಲ' ಅಂತ 1880ರ ಯಾವುದೋ ಬೋಳು ಗುಡ್ಡದ ಪ್ರಿಂಟು ಹಿಡಿದು ಹೋದರೆ, ಮಂಡಿಸಿದವರ ವಾದವೂ ಬೀಳುತ್ತೆ, ಹುಲ್ಲಿನ ವಾದವೂ ಬೀಳುತ್ತೆ. ಬದಲಿಗೆ ಒಂದೊಂದು ಊರಿನವರು ಒಂದೊಂದು ನೆತ್ತಿಯ ಎರಡು ಫೋಟೋ ಇಡಲಿ. ಒಂದು ಹಳತು, ಒಂದು ಅದೇ ತಿಂಗಳಲ್ಲಿ ಅದೇ ಜಾಗದಿಂದ ತೆಗೆದ ಹೊಸತು. ಕೆಳಗೆ ತೆಗೆದವರ ಹೆಸರು, ತಿಂಗಳು, ನಿಂತ ಜಾಗ, ಆ ಗುಡ್ಡಕ್ಕೆ ಊರವರು ಕರೆಯುವ ಹೆಸರು, ಅಲ್ಲಿ ಯಾರ ದನ ಮೇಯುತ್ತಿದ್ದವು ಅನ್ನೋದು. ಬೆಂಕಿ ಬೀಳುವ ಮೊದಲು, ಸಂಕ್ರಾಂತಿ ಕಳೆದ ಎರಡು ವಾರದೊಳಗೆ ತೆಗೆದರೆ ಒಳ್ಳೆಯದು. ಆಗ ಮುಂಜಾನೆಯ ಮಂಜು ಎದ್ದ ಮೇಲೆ ಲಿಂಗದಹಳ್ಳಿ ಕಡೆಯಿಂದ ಗುಡ್ಡದ ಮಡಿಕೆಗಳು ಒಂದೊಂದೂ ಬಿಡಿಸಿಟ್ಟಂತೆ ಕಾಣುತ್ತವೆ.